ಸರಂಜಾಮು ಸಾಹೇಬರ ಆವಿಗೆ

ಕಡೂರು, ತರೀಕೆರೆ, ಅಜ್ಜಂಪುರ ಒಂದು ಸುತ್ತು ಹಾಕಿಬಂದರೆ ಊರಿಗೊಬ್ಬರಾದರೂ ಸರಂಜಾಮು ಸಾಹೇಬರು ಸಿಗುತ್ತಾರೆ. ಕಡೂರಿನವರಾದರೆ ಬ್ಯಾಂಕಿನಿಂದ ನಿವೃತ್ತರಾಗಿರುತ್ತಾರೆ. ತರೀಕೆರೆಯವರಾದರೆ ಅಡಿಕೆ ತೋಟವನ್ನು ಮಗನಿಗೆ ವಹಿಸಿರುತ್ತಾರೆ. ಅಜ್ಜಂಪುರದವರು ಬೆಂಗಳೂರಿನ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಅಪ್ಪನ ಮನೆಗೆ ಸುಣ್ಣ ಬಳಿಸುತ್ತಿರುತ್ತಾರೆ. ಹವ್ಯಾಸ ಯಾವುದಾದರೂ ಆದೀತು, ಇವರಿಗೆ ಬೇಕಾದದ್ದು ಅದರ ಸಾಮಾನು. ಸಂಗೀತ ಎಂದರೆ ಹಾರ್ಮೋನಿಯಂ, ಜೇನು ಎಂದರೆ ಪೆಟ್ಟಿಗೆ, ನಕ್ಷತ್ರ ಎಂದರೆ ಟೆಲಿಸ್ಕೋಪು. ಸಾಮಾನು ಮನೆಗೆ ಬಂದ ದಿನವೇ ಹವ್ಯಾಸಕ್ಕೆ ಮಂಗಳಾರತಿ.

ನಮ್ಮ ಅಜ್ಜಂಪುರದ ಸಾಹೇಬರಿಗೆ ಈಗ ಕುಂಬಾರಿಕೆ ಹಿಡಿದಿದೆ. ಪುದುಚೇರಿಗೆ ಪ್ರವಾಸ ಹೋದವರು ಅಲ್ಲಿ 1971ರಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಶುರು ಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯ ಕಥೆ ಕೇಳಿಕೊಂಡು, ಒಂದು ಬಟ್ಟಲನ್ನೂ ಕೊಂಡು ಬಂದರು. ಅದರಲ್ಲಿ ಕಾಫಿ ಕುಡಿದು, ಬೋರಲು ಹಾಕಿ ತಳ ನೋಡಿ, "ಇದನ್ನ ನಾವೇ ಮಾಡಬಹುದಲ್ಲ" ಎಂದರು. ಒಳಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮಾವ್ರ ಕೈ ಅಲ್ಲೇ ನಿಂತಿತು. ಜೇನುಪೆಟ್ಟಿಗೆ ಬಂದದ್ದೂ ಇದೇ ಮಾತಿನಿಂದ.

ತಿಳಿದವರೊಬ್ಬರು ಒಳ್ಳೆಯ ಸಲಹೆಯನ್ನೇ ಕೊಟ್ಟರು: "ಬೆಳಗಾವಿ ಜಿಲ್ಲೆ ಖಾನಾಪುರದಲ್ಲಿ ಖಾದಿ ಆಯೋಗದ್ದೇ ಕುಂಬಾರಿಕೆ ಸಂಸ್ಥೆ ಇದೆ. ರೈಲು ನಮ್ಮೂರ ಮೇಲೇ ಹೋಗುತ್ತೆ. ಕಲಿತು ಬಂದುಬಿಡಿ." ಸಾಹೇಬರು ನಕ್ಕರು. "ಕಲಿಯೋದು ಆಮೇಲೂ ಆಗುತ್ತೆ. ಮೊದಲು ವ್ಯವಸ್ಥೆ ಆಗಲಿ." ಈ ಜಾತಿಯವರ ಗಾಯತ್ರಿ ಮಂತ್ರ ಅದು.

ಮೊದಲು ಮಣ್ಣು ಬಂತು, ಹೊರರಾಜ್ಯದಿಂದ, ಪ್ಲಾಸ್ಟಿಕ್ ಚೀಲದಲ್ಲಿ. ಅತ್ತ ಮದಗದಕೆರೆ, ಇತ್ತ ಅಯ್ಯನಕೆರೆ, ನಡುವೆ ಹೂಳು ತುಂಬಿದ ಹತ್ತಾರು ಕೆರೆಗಳಿರುವ ಸೀಮೆಗೆ ಮಣ್ಣು ಪಾರ್ಸಲ್ಲಿನಲ್ಲಿ ಬಂದದ್ದು ಬಹುಶಃ ಅದೇ ಮೊದಲು. ಚೀಲ ಹೊತ್ತು ತಂದ ಹುಡುಗ ಬೆವರು ಒರೆಸಿಕೊಂಡು ಕೇಳಿದ, "ಒಳಗೇನಿದೆ ಸಾರ್?" "ಮಣ್ಣು." ಹುಡುಗ ಬೈಸಿಕೊಂಡೆ ಅಂದುಕೊಂಡು ಸುಮ್ಮನೆ ಹೋದ.

ಆಮೇಲೆ ಬಂದದ್ದು ಕರೆಂಟಿನ ಆವಿಗೆ. ಆರು ಜನ ಹಿಡಿದು ಇಳಿಸಿದರು. ಉಗುರಲ್ಲಿ ಗೀರಿದರೆ ಪುಡಿಯಾಗುವಷ್ಟು ಹಗುರವಾದ ಇಟ್ಟಿಗೆ, ಅದರಲ್ಲಿ ಕೊರೆದ ತೋಡಿನೊಳಗೆ ಸುರುಳಿ ಸುರುಳಿಯಾಗಿ ಕಾಯುವ ಕಾಂತಲ್ ತಂತಿ, ಹೊರಗೆ ಕೆಂಪು ಅಂಕಿ ತೋರಿಸುವ ಡಬ್ಬಿ. ಗೋಡೆಯಿಂದ ಒಂದೂವರೆ ಅಡಿ ದೂರ ಇಡಬೇಕೆಂದು ಪುಸ್ತಕದಲ್ಲಿತ್ತು. ಸಾಹೇಬರು ಟೇಪು ಹಿಡಿದು ಅಳೆದೇ ಅಳೆದರು. ಹಳೇ ದನದ ಕೊಟ್ಟಿಗೆ ಈಗ 'ಸ್ಟುಡಿಯೋ'. ದನ ಇದ್ದಾಗ ಅಲ್ಲಿ ಇಷ್ಟು ಶಿಸ್ತು ಇರಲಿಲ್ಲ.

"ಎಷ್ಟು ಲೋಡು ಸಾರ್?" ಎಂದ ಎಲೆಕ್ಟ್ರಿಷಿಯನ್ ಹುಡುಗ. "6 ಕಿಲೋವ್ಯಾಟ್. 26 ಆಂಪಿಯರ್ ಎಳೆಯುತ್ತೆ." ಹುಡುಗನಿಗೆ ಅರ್ಥವಾಗಲಿಲ್ಲವೆಂದಲ್ಲ. ಕಡೂರು ಸೀಮೆಯಲ್ಲಿ ಕರೆಂಟನ್ನು ಅಳೆಯುವುದು ಬೋರಿನ ಮೋಟರಿನಿಂದ. ಮನಸ್ಸಿನಲ್ಲೇ ಲೆಕ್ಕ ಹಾಕಿ, "ಅಂದ್ರೆ ಎಂಟು ಎಚ್‌ಪಿ. ಮನೆಯೊಳಗೆ ಎಂಟು ಎಚ್‌ಪಿ ಮೋಟರ್ ಇಡ್ತೀನಿ ಅಂತಿದ್ದೀರಿ" ಎಂದ. ಲೋಡ್ ಹೆಚ್ಚಿಸಲು ಅರ್ಜಿ ಹೋಯಿತು, ದಪ್ಪ ವೈರು ಬಂತು, ಹಿತ್ತಲಲ್ಲಿ ಅರ್ಥಿಂಗಿಗೆ ಗುಂಡಿ ತೋಡಿಸಿದ್ದಾಯಿತು. ಗುಂಡಿ ಕಂಡ ಕೂಡಲೇ ಬೋರ್ ಹಾಕಿಸುತ್ತಾರೆಂದು ಊರೆಲ್ಲ ಸುದ್ದಿ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ನೀರಿನ ಪಾಯಿಂಟ್ ನೋಡುವವರೊಬ್ಬರು ಕರೆಯದೆಯೇ ಬಂದು, ಹಿತ್ತಲು ಸುತ್ತಿ, "ಇಲ್ಲಿ ಬೇಡ, ಎರಡು ಮಾರು ಮೂಡಲಕ್ಕೆ ಹೋಗಿ" ಎಂದರು. ಇದ್ದಿಲು, ಉಪ್ಪು ಸುರಿಯುವುದನ್ನು ನೋಡಿ ಇದು ಮಾಟದ ಕೆಲಸವೆಂದು ತೀರ್ಮಾನಿಸಿ, ಕಾಯಿಯನ್ನೂ ಬಿಟ್ಟು ನಡೆದರು. ಅಮ್ಮಾವ್ರು ಅದನ್ನು ಚಟ್ನಿಗೆ ತುರಿದರು.

ಹೊಸ ಆವಿಗೆಯನ್ನು ಮೊದಲ ಸಲ ಖಾಲಿ ಸುಡಬೇಕು. ಇಟ್ಟಿಗೆಯ ತೇವ ಆರಬೇಕು, ತಂತಿಯ ಮೇಲೆ ಆಕ್ಸೈಡಿನ ಪದರ ಕಟ್ಟಬೇಕು. ಸಾಹೇಬರ ಬಾಳಿನಲ್ಲಿ ಇದಕ್ಕಿಂತ ಒಪ್ಪುವ ವಿಧಿ ಬೇರೆ ಬಂದಿರಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಬಂದವರಿಗೆ ಕೇಸರಿಬಾತು ಕೊಟ್ಟು ಸ್ವಿಚ್ ಒತ್ತಿದರು. ಸಂಜೆಗೆ ಅಂಕಿ 1000 ದಾಟಿತು. ಏನೂ ಒಡೆಯಲಿಲ್ಲ. ಒಡೆಯಲು ಒಳಗೆ ಏನೂ ಇರಲಿಲ್ಲ ಎಂದು ಯಾರೂ ಹೇಳಲಿಲ್ಲ, ಕೇಸರಿಬಾತು ಚೆನ್ನಾಗಿತ್ತು.

ಕರೆಂಟಿನ ತಿಗರಿಯೂ ಬಂದಿತ್ತು. ಅದರ ಮೇಲೆ ಸಾಹೇಬರು ಇಟ್ಟ ಮುದ್ದೆ ನಡುವಿಗೆ ನಿಲ್ಲಲು ಒಪ್ಪದೆ ಗೋಡೆಯ ಮೇಲಿದ್ದ ಅಪ್ಪನ ಫೋಟೋವರೆಗೂ ಹೋಯಿತು. ಕೊನೆಗೆ ಕಡೂರು ಕಡೆಯ ಹಿರಿಯ ಕುಂಬಾರರೊಬ್ಬರಿಂದ ಹಸಿ ಮಡಿಕೆ ಕೊಂಡು ತಂದರು. ಅಜ್ಜ ಆವಿಗೆ ನೋಡಲು ಜೊತೆಗೇ ಬಂದ. ತೆಂಗಿನ ಸಿಪ್ಪೆ, ಬೆರಣಿ, ಹುಲ್ಲು ಒಟ್ಟಿ ಬೂದಿ ಮುಚ್ಚಿ ಸುಟ್ಟವನಿಗೆ ಮೊದಲು ಬಂದ ಸಂಶಯ, "ಹೊಗೆ ಎಲ್ಲಿಂದ ಹೋಗ್ತದೆ ಸ್ವಾಮಿ?" "ಹೊಗೆಯೇ ಇಲ್ಲ ಅಜ್ಜ." "ಹೊಗೆ ಇಲ್ದೆ ಕಾವು ಹೆಂಗೆ ಗೊತ್ತಾಗ್ತದೆ?" ಸಾಹೇಬರು ಕೆಂಪು ಅಂಕಿ ತೋರಿಸಿ, 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆ ಹಿಗ್ಗುವುದರ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದರು. ಅಜ್ಜ ಮಡಿಕೆಯ ತಳಕ್ಕೆ ಕೆನ್ನೆ ಒತ್ತಿ, "ಇನ್ನೂ ತಣ್ಣಗೈತೆ. ಒಣಗಿಲ್ಲ. ನಾಕು ದಿನ ಬಿಡಿ" ಎಂದ. ನಾಲ್ಕು ದಿನ ಬಿಟ್ಟರೆ ಸರಂಜಾಮು ಸಾಹೇಬರಾಗುವುದು ಹೇಗೆ?

ಎಲ್ಲರೂ 573ಕ್ಕೆ ಕಾದು ಕುಳಿತರು. ಅಂಕಿ ನೂರು ದಾಟಿ ಸ್ವಲ್ಪ ಹೊತ್ತಿಗೇ ಒಳಗೆ ಢಬ್ ಎಂದಿತು. ಮತ್ತೆ ಢಬ್. ಮಣ್ಣಿನಲ್ಲಿ ಉಳಿದ ನೀರು ಆವಿಯಾಗಿ ತನ್ನ ದಾರಿ ತಾನು ಮಾಡಿಕೊಂಡಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯ ಕೆಲಸವನ್ನು ಸ್ವಿಚ್ಚೇ ಮಾಡಿತು. ಅಜ್ಜ ಎದ್ದು ಪಂಚೆ ಕೊಡವಿಕೊಂಡು, "ದುಡ್ಡು ಮಾತ್ರ ಅಷ್ಟಕ್ಕೂ ಕೊಡ್ಬೇಕು ಸ್ವಾಮಿ" ಎಂದ.

ನಿಜವಾದ ಸ್ಫೋಟ ಆದದ್ದು ತಿಂಗಳ ಕೊನೆಗೆ. 2023ರಲ್ಲಿ ಗೃಹಜ್ಯೋತಿ ಬಂದಂದಿನಿಂದ ಆ ಮನೆಗೆ ಸೊನ್ನೆ ಬಿಲ್ಲು. ಅಮ್ಮಾವ್ರು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಆವಿಗೆ ಒಂದು ಸಲ ಪೂರ್ತಿ ಕಾದರೆ ನಲವತ್ತು ಐವತ್ತು ಯೂನಿಟ್ ನುಂಗುತ್ತದೆ. "ರೀ, ಖಾಲಿ ಒಲೆ ಕಾಯಿಸೋಕೆ ಇಷ್ಟು ದುಡ್ಡಾ?" ಎಂದು ಅವರು ಕೇಳಿದ್ದು ಬೀದಿಗೆ ಕೇಳಿಸಿತು.

ಸಾಹೇಬರು ಈಗ ಸೋಲಾರ್ ಹಾಕಿಸುವ ವಿಚಾರದಲ್ಲಿದ್ದಾರೆ. ಆದ್ದರಿಂದ ಈ ಮೂರು ತಾಲ್ಲೂಕಿನ ಓದುಗರಲ್ಲಿ ಒಂದು ವಿನಂತಿ: ಮಣ್ಣಿನ ಕೆಲಸ ಬಲ್ಲವರು ಯಾರಾದರೂ ಇದ್ದರೆ, ಚೆನ್ನಾಗಿ ಒಣಗಿದ ಮಡಿಕೆ ತೆಗೆದುಕೊಂಡು ಹೋಗಿ. ಒಳ್ಳೆಯ ಆವಿಗೆ, ಖಾಲಿ ಇದೆ, ಸಾಹೇಬರು ಖುಷಿಯಿಂದ ಸುಟ್ಟುಕೊಡುತ್ತಾರೆ. ಕರೆಂಟಿನ ದುಡ್ಡನ್ನು ಮಾತ್ರ ಅಮ್ಮಾವ್ರ ಕೈಗೇ ಕೊಡಿ.