ಕೋರ್ಟು ಕಾಣದ ಕರಿಕೋಟು

ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಐದು ವರ್ಷ ಓದಿ ಬಂದವರು ಇವರು. ಸನ್ನದು ಪಡೆದಾಗ ಹೊಲಿಸಿದ ಕರಿಕೋಟು ಇಸ್ತ್ರಿ ಮುರಿಯದೆ ಬೀರುವಿನಲ್ಲಿದೆ. ಹೈಕೋರ್ಟಿನ ಕೆಂಪು ಕಟ್ಟಡವನ್ನು ಕಬ್ಬನ್ ಪಾರ್ಕಿನ ಕಡೆಯಿಂದ, ವಾಕಿಂಗ್ ಹೊತ್ತಿನಲ್ಲಿ ನೋಡಿದ್ದಾರೆ. ಊರಿಂದ ಬಂದ ದೊಡ್ಡಪ್ಪ ಬೇಲಿ ತಕರಾರಿನ ಕಾಗದ ಬಿಚ್ಚಿ, ‘ಇದಕ್ಕೊಂದು ಸ್ಟೇ ತಂದ್ಕೊಡು’ ಎಂದರು. ‘ಅದು ಲಿಟಿಗೇಷನ್, ನನ್ನದು ಎಂ ಅಂಡ್ ಎ’ ಎಂದರು ಇವರು. ‘ಓಹೋ, ಎಂ.ಎ.ನೂ ಆಯ್ತಾ!’ ಎಂದು ದೊಡ್ಡಪ್ಪ ಬೇಲಿ ಮರೆತು ಹೆಮ್ಮೆಪಟ್ಟರು.

ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ನಡುವೆ ಕೂತು ಕೆಟ್ಟದ್ದನ್ನೇ ಊಹಿಸುವುದು ಇವರ ಉದ್ಯೋಗ. ಮಾರುವವರ ಪಿಎಫ್ ಬಾಕಿ, ತೆರಿಗೆ ನೋಟಿಸು, ಜಮೀನಿನ ಖಾತೆ ಎಲ್ಲವನ್ನೂ ಡೇಟಾ ರೂಮಿನಲ್ಲಿ ಕೆದಕುವುದೇ ಡ್ಯೂ ಡಿಲಿಜೆನ್ಸ್. ಕೆದಕುವವರು ಜೂನಿಯರ್‌ಗಳು, ರಾತ್ರಿ ಹನ್ನೊಂದಕ್ಕೆ ನಾನೂರು ಪುಟ ಕಳಿಸಿ ‘ಸುಮ್ನೆ ಒಂದು ಕಣ್ಣು ಹಾಯಿಸಿ’ ಎನ್ನುವವರು ಇವರು. ಕರಾರಿನಲ್ಲಿ ‘ಬೆಸ್ಟ್ ಎಫರ್ಟ್ಸ್’ ಇರಬೇಕೋ ‘ರೀಸನಬಲ್ ಎಫರ್ಟ್ಸ್’ ಸಾಕೋ ಎಂದು ಬೆಳಗಿನ ಜಾವದವರೆಗೆ ಜಗಳ. ಎದುರು ಪಕ್ಷದ ವಕೀಲ ಹಾಸ್ಟೆಲಿನಲ್ಲಿ ಇವರ ರೂಮ್‌ಮೇಟ್ ಆಗಿದ್ದವನೇ. ಬಿಲ್ಲು ಇಬ್ಬರದೂ ಗಂಟೆ ಲೆಕ್ಕದ್ದು.

ಲಿಸ್ಟೆಡ್ ಕಂಪನಿಯಲ್ಲಿ ಪಾಲು 25 ಪರ್ಸೆಂಟ್ ಮುಟ್ಟಿದರೆ ಇನ್ನೂ 26ಕ್ಕೆ ಓಪನ್ ಆಫರ್ ಕೊಡಬೇಕೆಂಬ ಸೆಬಿಯ 2011ರ ನಿಯಮ ಇವರಿಗೆ ಬಾಯಿಪಾಠ. ಇವರ ಕಕ್ಷಿದಾರರಿಗೆ 24.9ರಲ್ಲೇ ಥಟ್ಟನೆ ತೃಪ್ತಿ ಮೂಡುವುದು ಹಾಗಾಗಿ. ₹2,000 ಕೋಟಿ ಮೀರಿದ ಖರೀದಿಗೆ, ಮಾರಾಟವಾಗುವ ಕಂಪನಿಯ ವಹಿವಾಟು ಇಲ್ಲಿ ಗಣನೀಯವಾಗಿದ್ದರೆ, ಸ್ಪರ್ಧಾ ಆಯೋಗದ ಒಪ್ಪಿಗೆ ಬೇಕೆಂದು 2024ರ ಸೆಪ್ಟೆಂಬರಿನಲ್ಲಿ ಆದಾಗ ಉದ್ಯಮಿಗಳು ಗೊಣಗಿದರು, ಇವರು ಮೈಸೂರುಪಾಕು ಹಂಚಿದರು. 2018ರಲ್ಲಿ ವಾಲ್‌ಮಾರ್ಟ್ 16 ಬಿಲಿಯನ್ ಡಾಲರಿಗೆ ಫ್ಲಿಪ್‌ಕಾರ್ಟಿನ 77 ಪರ್ಸೆಂಟ್ ಕೊಂಡಿತಲ್ಲ, ಆ ಮಾತು ಬಂದರೆ ‘ಗೋಪ್ಯತೆಯ ಕರಾರಿದೆ’ ಎಂದು ಮುಗುಳ್ನಗುತ್ತಾರೆ. ಆ ವ್ಯವಹಾರದಲ್ಲಿ ಇವರು ಇರಲೇ ಇಲ್ಲ ಎಂಬುದೂ ಗೋಪ್ಯವೇ.

ಸಿಂಡಿಕೇಟ್ ಬ್ಯಾಂಕಿನಿಂದ ನಿವೃತ್ತರಾದ ಮಾವನವರಿಗೆ ಮಾತ್ರ ಸಿಟ್ಟು ಇಳಿದಿಲ್ಲ. ‘2020ರಲ್ಲಿ ನಮ್ಮನ್ನು ಕೆನರಾಕ್ಕೆ ಸೇರಿಸಿದ್ದು ನಿಮ್ಮಂಥವರೇ ತಾನೇ?’ ‘ಅಯ್ಯೋ ಮಾವ, ಅದು ಸರ್ಕಾರ ಗೆಜೆಟ್‌ನಲ್ಲಿ ಮುಗಿಸಿದ್ದು. ಶೇರ್ ಪರ್ಚೇಸ್ ಅಗ್ರಿಮೆಂಟೇ ಇಲ್ಲ!’ ಇಬ್ಬರೂ ನಿಟ್ಟುಸಿರುಬಿಟ್ಟರು. ಮಾವನದು ಬ್ಯಾಂಕಿಗಾಗಿ, ಅಳಿಯನದು ಫೀಸಿಗಾಗಿ.

ಹೋದ ವರ್ಷ ನಾದಿನಿಯ ಮದುವೆಗೆ ಛತ್ರ ಗೊತ್ತುಮಾಡುವ ಕೆಲಸ ಇವರ ಪಾಲಿಗೆ ಬಂತು. ಮ್ಯಾನೇಜರ್ ಒಂದು ಹಾಳೆಯ ಫಾರಂ ಕೊಟ್ಟು, ಸೈನ್ ಮಾಡಿ ಅಡ್ವಾನ್ಸ್ ಕಟ್ಟಿ ಎಂದ. ಇವರು ಫಾರಮ್ಮನ್ನು ಮನೆಗೆ ಒಯ್ದರು. ಜನರೇಟರ್ ಕೈಕೊಟ್ಟರೆ ಪರಿಹಾರವೆಷ್ಟು, ಬೋರ್‌ವೆಲ್ ಬತ್ತಿದರೆ ಹೊಣೆ ಯಾರದು, ಹಿಂದಿನ ಮದುವೆಯವರ ಕರೆಂಟ್ ಬಿಲ್ ಬಾಕಿ ನಮ್ಮ ತಲೆಗೆ ಬರಕೂಡದು, ತಕರಾರಾದರೆ ಪಂಚಾಯ್ತಿ ಸಿಂಗಪುರದಲ್ಲಿ: ಹನ್ನೊಂದು ಪುಟ. ಮರುದಿನ ಎರಡು ಪ್ರತಿ ಹಿಡಿದು ಹೋದರೆ ಮ್ಯಾನೇಜರ್ ತಲೆ ಎತ್ತಲಿಲ್ಲ.

‘ಆ ಡೇಟು ಹೋಯ್ತು ಸಾರ್. ನೀವು ಆ ಕಡೆ ಹೋದ್ರಿ, ಈ ಕಡೆ ಒಬ್ರು ಬಂದು ಫಾರಂ ಓದ್ದೇನೇ ಸೈನ್ ಹಾಕಿದ್ರು.’