ಅರ್ಧ ಪತ್ರಿಕೆಯ ಸಮಾನತೆ: ಬಿ.ಇಡಿ. ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಗೆ,
ಬಿ.ಇಡಿ. ಕಾಲೇಜುಗಳ ಪ್ರಾಚಾರ್ಯರು

ವಿಷಯ: ಪ್ರಶಿಕ್ಷಣಾರ್ಥಿಗಳಲ್ಲಿ ಲಿಂಗಸಮಾನತೆ ಹಾಗೂ ಸಾಮಾಜಿಕ ಮೌಲ್ಯಗಳ ಬಗ್ಗೆ

ಮಾನ್ಯರೇ,

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಬಿ.ಇಡಿ. ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿತು. ಅದರ ಪಠ್ಯಕ್ರಮದ ಚೌಕಟ್ಟಿನಲ್ಲಿ ‘ಲಿಂಗತ್ವ, ಶಾಲೆ ಮತ್ತು ಸಮಾಜ’ಕ್ಕೆ ದಕ್ಕಿದ್ದು ಅರ್ಧ ಪತ್ರಿಕೆ. ಜನಸಂಖ್ಯೆಯ ಅರ್ಧದಷ್ಟಿರುವವರಿಗೆ ಅರ್ಧ ಪತ್ರಿಕೆ, ಲೆಕ್ಕ ತಪ್ಪಿಲ್ಲ.

ಉಳಿದ ಪಾಠ ತರಗತಿಯ ಹೊರಗೆ ನಡೆಯುತ್ತದೆ. ಅದಕ್ಕೆ ಅಂಕವಿಲ್ಲ, ಆದರೂ ಯಾರೂ ಗೈರುಹಾಜರಾಗುವುದಿಲ್ಲ. ಅತಿಥಿಗಳು ಬರುವ ದಿನ ರಂಗೋಲಿ, ಆರತಿ ತಟ್ಟೆ, ಸ್ವಾಗತಗೀತೆ ಹೆಣ್ಣುಮಕ್ಕಳ ಪಾಲು. ಬೆಂಚು ಹೊರುವುದು, ಮೈಕು ಕಟ್ಟುವುದು ಗಂಡುಮಕ್ಕಳ ಪಾಲು. ಪೌರತ್ವ ತರಬೇತಿ ಶಿಬಿರದಲ್ಲಿ ಈರುಳ್ಳಿ ಹೆಚ್ಚುವ ಹೊತ್ತಿಗೆ ಪೌರರಲ್ಲಿ ಒಂದು ಪಂಗಡ ಮಾಯವಾಗಿರುತ್ತದೆ. ಬೋಧನಾಭ್ಯಾಸಕ್ಕೆ ಹೊರಟಾಗ ಸಂಸ್ಕೃತಿಯ ಭಾರವನ್ನು ಸೀರೆ ಹೊರಬೇಕು. ಪ್ಯಾಂಟು ಯಾವ ಸಂಸ್ಕೃತಿಯದೆಂದು ವಿಚಾರಿಸಿದವರಿಲ್ಲ. ನೆರೆಯ ಕೇರಳದ ಉನ್ನತ ಶಿಕ್ಷಣ ಇಲಾಖೆ ಶಿಕ್ಷಕಿಯರಿಗೆ ಸೀರೆ ಕಡ್ಡಾಯವಲ್ಲವೆಂದು 2021ರಲ್ಲಿ ಆದೇಶಿಸಿತು. ಅಲ್ಲಿ ಸಂಸ್ಕೃತಿ ಕುಸಿದುಬಿದ್ದ ಸುದ್ದಿ ಈವರೆಗೆ ಬಂದಿಲ್ಲ.

ಇಷ್ಟಾದ ಮೇಲೆ ಎಂ.ಇಡಿ. ಸಂಶೋಧಕರು ಪ್ರಶ್ನಾವಳಿ ಹಿಡಿದು ಬರುತ್ತಾರೆ. ಮೌಲ್ಯ ಅಳೆಯುವ ಕಸುಬು ಹಳೆಯದು: ಅಮೆರಿಕದಲ್ಲಿ ಆಲ್‌ಪೋರ್ಟ್ ಮತ್ತು ವರ್ನನ್ 1931ರಲ್ಲೇ ಮೌಲ್ಯಗಳನ್ನು ಸೈದ್ಧಾಂತಿಕ, ಆರ್ಥಿಕ, ಸೌಂದರ್ಯ, ಸಾಮಾಜಿಕ, ರಾಜಕೀಯ, ಧಾರ್ಮಿಕ ಎಂದು ಆರು ಪಾಲು ಮಾಡಿದ್ದರು. ‘ಗಂಡು ಹೆಣ್ಣು ಸಮಾನರು’ ಎಂಬ ಹೇಳಿಕೆಯ ಮುಂದೆ ಎಲ್ಲರೂ ‘ಸಂಪೂರ್ಣ ಒಪ್ಪುತ್ತೇನೆ’ ಎಂದೇ ಗುರುತು ಹಾಕುತ್ತಾರೆ. ಪರೀಕ್ಷೆಗೆ ಓದಿದ ಉತ್ತರವೂ ಅದೇ ತಾನೆ! ಟಿ-ಮೌಲ್ಯ ಲೆಕ್ಕಹಾಕಿ, 0.05 ಮಟ್ಟದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಬರೆದು, ಪ್ರಬಂಧ ಬೈಂಡಿಂಗಿಗೆ ಹೋಗುತ್ತದೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರಿಗೆ ಚಹಾ ತಂದಿಡುವವರು ಯಾರು ಎಂಬ ಪ್ರಶ್ನೆ ಮಾತ್ರ ಆ ಪ್ರಶ್ನಾವಳಿಯಲ್ಲಿ ಇರುವುದಿಲ್ಲ.

ಎರಡನೆಯ ವರ್ಷ 16 ವಾರಗಳ ಇಂಟರ್ನ್‌ಶಿಪ್. ಕಲಿತದ್ದು ಶಾಲೆಗೆ ಇಳಿಯುವುದು ಆಗ. ಪಾಠ ಯೋಜನೆಯ ‘ನಮ್ಮ ಕುಟುಂಬ’ ಚಾರ್ಟಿನಲ್ಲಿ ಅಮ್ಮ ಒಲೆಯ ಮುಂದೆ, ಅಪ್ಪ ಪೇಪರಿನ ಹಿಂದೆ. ಕಸ ಗುಡಿಸಲು ಹುಡುಗಿಯರು, ಅಂಗಡಿಗೆ ಓಡಲು ಹುಡುಗರು. ಮೇಲ್ವಿಚಾರಕರು ಕಪ್ಪುಹಲಗೆಯ ಬರವಣಿಗೆಗೆ, ಧ್ವನಿಯ ಏರಿಳಿತಕ್ಕೆ ಅಂಕ ಕೊಟ್ಟು ಹೋಗುತ್ತಾರೆ. ಆ ಹುಡುಗರಿಗಾಗಲಿ ಹುಡುಗಿಯರಿಗಾಗಲಿ ಅರ್ಧ ಪತ್ರಿಕೆಯ ಸುದ್ದಿ ತಲುಪುವುದೇ ಇಲ್ಲ.

ಮುಂದಿನ ಶಿಬಿರದ ಕೆಲಸದ ಪಟ್ಟಿಯನ್ನು ಹೆಸರಿನ ಅಕಾರಾದಿ ಕ್ರಮದಲ್ಲಿ ತಯಾರಿಸಬೇಕೆಂದು ಕೋರಲಾಗಿದೆ. ಹಾಜರಿ ಪುಸ್ತಕದ ಕ್ರಮ ಬೇಡ. ಅದರಲ್ಲಿ ಗಂಡುಮಕ್ಕಳ ಹೆಸರು ಮುಗಿದ ಮೇಲೆಯೇ ಹೆಣ್ಣುಮಕ್ಕಳ ಹೆಸರು ಶುರುವಾಗುತ್ತದೆ.

ಇಂತಿ,
ತಮ್ಮ ವಿಶ್ವಾಸಿ