ತೃತೀಯದೇಶ ಪ್ರಕರಣ

ಹೊರದೇಶದಲ್ಲಿದ್ದ ಬೆಳೆದ ಮಗನೋ ಮಗಳೋ ಮನೆಗೆ ಬಂದಾಗ, ಬಂದವರನ್ನು ಮನೆಯಲ್ಲಿ ಕೂರಿಸಿ ಕಣ್ತುಂಬ ನೋಡುವುದು ಬಿಟ್ಟು ಇಡೀ ಸಂಸಾರ ಡಿಸೆಂಬರ್ ಕೊನೆಗೆ ಇನ್ನೊಂದು ಹೊರದೇಶಕ್ಕೆ ಹೊರಡುವುದಕ್ಕೆ ತೃತೀಯದೇಶಯಾನ ಎಂದು ಹೆಸರು. ಮೊದಲನೆಯ ದೇಶ ತಂದೆತಾಯಿಯದು, ಎರಡನೆಯದು ಮಕ್ಕಳದು, ಮೂರನೆಯದು ಯಾರದೂ ಅಲ್ಲ. ತಾರ್ಕಿಕರು ಯಾವ ಲಕ್ಷಣ ಹೇಳಿದರೂ ಅದರಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿವೆಯೇ ಎಂದು ತಟ್ಟಿ ನೋಡುತ್ತಾರೆ. ಇದನ್ನೂ ತಟ್ಟಿ ನೋಡೋಣ. ನಿವೃತ್ತ ದಂಪತಿ ಟ್ರಾವೆಲ್ಸ್‌ನವರು ಕೊಟ್ಟ ಟೋಪಿ ಹಾಕಿಕೊಂಡು ಗೈಡಿನ ಬಾವುಟದ ಹಿಂದೆ ಯುರೋಪ್ ಸುತ್ತುವುದು ಇದರಲ್ಲಿ ಸೇರದು, ಜೊತೆಗೆ ಮಕ್ಕಳಿಲ್ಲ. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗುವುದೂ ಸೇರದು, ಅದು ಪ್ರವಾಸವಲ್ಲ, ಡ್ಯೂಟಿ. ಇನ್ನು ಅಸಂಭವ ದೋಷದ ಶಂಕೆಯಿರುವವರು ಡಿಸೆಂಬರ್ 24ರ ರಾತ್ರಿ ದೇವನಹಳ್ಳಿಗೆ ಹೋಗಿ, ಎರಡನೇ ಟರ್ಮಿನಲ್ಲಿನ ಬಿದಿರಿನ ಛಾವಣಿಯ ಕೆಳಗೆ ಸ್ವಲ್ಪ ಹೊತ್ತು ನಿಂತು ಬರಲಿ.

ಕಾಲನಿರ್ಣಯದಲ್ಲಿ ಹೆಚ್ಚು ತಕರಾರಿಲ್ಲ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಅಮೆರಿಕದ ಆಫೀಸುಗಳು ಅರೆನಿದ್ದೆಯಲ್ಲಿರುತ್ತವೆ ಎಂಬುದು ಮೇಲ್ನೋಟದ ಕಾರಣ. ಒಳಗಿನ ಕಾರಣ ಪಂಚಾಂಗದಲ್ಲಿದೆ. ಡಿಸೆಂಬರ್ ಮಧ್ಯದಲ್ಲಿ ಸೂರ್ಯ ಧನು ರಾಶಿಗೆ ಕಾಲಿಟ್ಟರೆ ಸಂಕ್ರಾಂತಿಯವರೆಗೆ ಮದುವೆ, ಮುಂಜಿ, ಗೃಹಪ್ರವೇಶ ಯಾವುದಕ್ಕೂ ಮುಹೂರ್ತವಿಲ್ಲ. ಬೇರೆ ತಿಂಗಳಾಗಿದ್ದರೆ ಷಡ್ಡಕನ ಮಗಳ ಆರತಕ್ಷತೆ, ಓರಗಿತ್ತಿಯ ಮೊಮ್ಮಗನ ನಾಮಕರಣ ಎಂದು ಬಂದವರ ರಜೆಯೆಲ್ಲ ಛತ್ರದ ಊಟದಲ್ಲೇ ಮುಗಿಯುತ್ತಿತ್ತು. ಧನುರ್ಮಾಸವನ್ನು ಶೂನ್ಯಮಾಸವೆಂದು ಜರೆಯುವವರು ಅದು ಮಾಡಿರುವ ಈ ಉಪಕಾರವನ್ನು ಗಮನಿಸಿಲ್ಲ. ತಾಯಿಗೊಂದೇ ಕೊರಗು: ಬೆಳಗಿನ ಜಾವದ ಪೂಜೆ, ದೇವಸ್ಥಾನದ ಹುಗ್ಗಿ ಎರಡೂ ತಪ್ಪುತ್ತವೆ. 2025ರಲ್ಲಿ ವೈಕುಂಠ ಏಕಾದಶಿ ಜನವರಿ 10ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ, ಹೀಗೆ ಎರಡು ಸಲ ಬಂತು. ಎರಡನೆಯದನ್ನು ಪಟ್ಟಾಯದ ಹೋಟೆಲ್ ರೂಮಿನಲ್ಲಿ ಬಾಳೆಹಣ್ಣು ತಿಂದು ಕಳೆದ ತಾಯಂದಿರ ಪುಣ್ಯ ಯಾವ ಲೆಕ್ಕಕ್ಕೆ ಜಮಾ ಆಯಿತೆಂದು ಮಠಗಳು ಇನ್ನೂ ಹೇಳಿಲ್ಲ.

ಪೂರ್ವಾಚಾರ್ಯರಲ್ಲಿ ಬೌಧಾಯನ ಮೊದಲಿಗ. ಅವನ ಧರ್ಮಸೂತ್ರ ಮನುಷ್ಯನನ್ನು ಪತಿತನನ್ನಾಗಿಸುವ ಕರ್ಮಗಳನ್ನು ಎಣಿಸುವಾಗ ಸಮುದ್ರಯಾನದಿಂದಲೇ ಶುರುಮಾಡುತ್ತದೆ. ವಿಮಾನಕ್ಕೆ ಸಮುದ್ರದ ಸ್ಪರ್ಶವಿಲ್ಲ, ಆದ್ದರಿಂದ ದೋಷವಿಲ್ಲ ಎಂಬುದು ನವೀನರ ಸಮಾಧಾನ. ಕ್ರೂಸ್ ಹತ್ತುವವರು ತಮ್ಮ ಗತಿ ತಾವೇ ನೋಡಿಕೊಳ್ಳಬೇಕು. ಬೌಧಾಯನನ ಬಳಿಕ ನೇರವಾಗಿ ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ಬರಬಹುದು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ‘ಅಮೆರಿಕಾದಲ್ಲಿ ಗೊರೂರು’ ದ್ವಿತೀಯದೇಶ ಶಾಸ್ತ್ರದ ಮೂಲಗ್ರಂಥ. ತೃತೀಯದೇಶದ ಬಗ್ಗೆ ಹಿಂದಿನವರು ಏನೂ ಬರೆದಿಲ್ಲವಾದ್ದರಿಂದ ಈ ಪ್ರಕರಣ ಅನಿವಾರ್ಯವಾಯಿತು.

ಇಲ್ಲಿ ಪೂರ್ವಪಕ್ಷ ಹೀಗಿದೆ: ಅಷ್ಟು ದೂರದಿಂದ ಬಂದ ಮಗು ಮನೆಯಲ್ಲೇ ಇರಬಹುದಲ್ಲ, ಎಲ್ಲಿಗೂ ಹೋಗುವುದೇಕೆ?

ಉತ್ತರ. ಸಿಯಾಟಲ್‌ನಲ್ಲಿ ಇಪ್ಪತ್ತು ಎಂಜಿನಿಯರುಗಳಿಗೆ ಕೆಲಸ ಹೇಳುವ ಮಗ ಜಯನಗರದ ಮನೆಗೆ ಬಂದ ಮೂರನೇ ದಿನಕ್ಕೆ ಹೈಸ್ಕೂಲಿಗೆ ಇಳಿಯುತ್ತಾನೆ. ಒದ್ದೆ ಟವೆಲ್ ಮಂಚದ ಮೇಲೆ ಎಸೆಯುತ್ತಾನೆ. “ಸ್ನಾನ ಆಯ್ತೇನೋ?” ಎಂದು ಅಮ್ಮ ಕೂಗುತ್ತಾಳೆ. “ಇಷ್ಟು ಹೊತ್ತಲ್ಲಿ ಯಾರದು ಫೋನು?” ಎಂದು ಅಪ್ಪ ಪೇಪರಿನ ಹಿಂದಿನಿಂದ ಕೇಳುತ್ತಾರೆ. ಎರಡನೆಯ ದೇಶದಲ್ಲಿ ಇದರ ತಿರುವುಮುರುವು. ಅಲ್ಲಿ ತಂದೆಗೆ ಕಾರಿಲ್ಲ, ಒಂದು ಪ್ಯಾಕೆಟ್ ಹಾಲಿಗೂ ಮಗನ ದಾರಿ ಕಾಯಬೇಕು. ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತದೆ, ಮಗ ತಾಯಿಗೆ ಬುದ್ಧಿ ಹೇಳುತ್ತಾನೆ. ಒಂದು ಕಡೆ ಇವರು ಯಜಮಾನರು, ಇನ್ನೊಂದು ಕಡೆ ಅವನು. ಮೂರನೆಯ ದೇಶದಲ್ಲಿ ಬೋರ್ಡು ಓದಲು ಯಾರಿಗೂ ಬರದು, ಬಸ್ಸು ಎಲ್ಲಿ ನಿಲ್ಲುತ್ತದೆಂದು ಯಾರಿಗೂ ತಿಳಿಯದು. ಮೂವರೂ ಸಮಾನ ದಡ್ಡರು. ಬೆಳೆದ ಮಕ್ಕಳೂ ತಂದೆತಾಯಿಯರೂ ಸಮಾನರಾಗಲು ಇಷ್ಟು ವಿಮಾನದ ಟಿಕೆಟ್ಟು ಬೇಕಾಗುತ್ತದೆ ಎಂಬುದು ಸಿದ್ಧಾಂತ.

ಇನ್ನು ಮಕ್ಕಳ ಭೇದ. ಬಂದು ಹೋಗುವವರು ರಜಾಗತರು, ಬಂದೇ ಬಿಟ್ಟವರು ಸ್ಥಿರಾಗತರು. ರಜಾಗತರ ಲಕ್ಷಣ ಸುಲಭ: ಅವರ ಪಾಸ್‌ಪೋರ್ಟ್ ವೀಸಾ ಸ್ಟ್ಯಾಂಪಿಂಗಿಗೆಂದು ಚೆನ್ನೈನಲ್ಲಿರುತ್ತದೆ, ಅದು ವಾಪಸ್ ಬರುವವರೆಗೆ ಹೋಟೆಲ್ ಬುಕಿಂಗಿನ ಹಣ ಮರಳಿ ಸಿಗುತ್ತದೋ ಇಲ್ಲವೋ ಎಂದು ಮನೆಮಂದಿಯೆಲ್ಲ ಸಣ್ಣಕ್ಷರ ಓದುತ್ತಿರುತ್ತಾರೆ. ಸ್ಥಿರಾಗತರಿಗೆ ಆ ಆತಂಕವಿಲ್ಲ. ಅವರು ಊರಿನ ಟ್ರಾಫಿಕ್ಕನ್ನು ಹೊಗಳುತ್ತಾರೆ, ಮೊದಲ ಆರು ತಿಂಗಳು. ಶಾಸ್ತ್ರಕ್ಕೆ ಕಷ್ಟ ಕೊಡುವುದು ಮೂರನೆಯ ಜಾತಿ, ಅನಿಶ್ಚಿತಾಗತರು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಇವರ ಸಂತತಿ ವೃದ್ಧಿಯಾಗಿದೆ. ಇವರನ್ನು ಬ್ಯಾಗಿನಿಂದ ಗುರುತಿಸಬೇಕು. ಎರಡು ವಾರಕ್ಕೆ ಬಂದವರು ಚಳಿಗಾಲದ ಜಾಕೆಟ್ಟು, ಪದವಿ ಪ್ರಮಾಣಪತ್ರ, ಕಾಫಿ ಯಂತ್ರ ಎಲ್ಲವನ್ನೂ ತಂದಿದ್ದರೆ ತಾಯಿ ಏನೂ ಕೇಳುವುದಿಲ್ಲ. ಅಟ್ಟದ ಮೇಲೆ ಒಂದಿಷ್ಟು ಜಾಗ ಮಾಡುತ್ತಾಳೆ.

ದೇಶಭೇದವನ್ನು ವೀಸಾದಿಂದಲೇ ಮಾಡಬೇಕು, ಇತಿಹಾಸ, ನಿಸರ್ಗ, ಸಂಸ್ಕೃತಿಗಳೆಲ್ಲ ಆಮೇಲೆ. 2023ರ ನವೆಂಬರಿನಲ್ಲಿ ಥಾಯ್ಲೆಂಡ್, ಮರುತಿಂಗಳು ಮಲೇಷ್ಯಾ ಭಾರತೀಯರಿಗೆ ವೀಸಾ ಬೇಡವೆಂದವು. ಅಂದಿನಿಂದ ಕನ್ನಡಿಗರಿಗೆ ಬೌದ್ಧ ವಾಸ್ತುಶಿಲ್ಪದಲ್ಲಿ ಹಠಾತ್ತನೆ ಆಸಕ್ತಿ ಹುಟ್ಟಿದೆ. ಯುರೋಪಿಗೆ ಷೆಂಗೆನ್ ವೀಸಾ ಬೇಕು, ಅದಕ್ಕೆ 90 ಯೂರೋ ಶುಲ್ಕ, ಬ್ಯಾಂಕ್ ಸ್ಟೇಟ್‌ಮೆಂಟು, ಇನ್ಶೂರೆನ್ಸು. ತಾನು ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದ್ದು ಆ ದೇಶದಲ್ಲಿ ಉಳಿದುಬಿಡುವುದಕ್ಕಲ್ಲ ಎಂದು ಎಪ್ಪತ್ತರ ತಂದೆ ಕೌಂಟರಿನ ಹುಡುಗಿಗೆ ರುಜುವಾತು ಮಾಡಬೇಕು. ಹೆಚ್ಚಿನವರು ಆ ಅವಮಾನಕ್ಕಿಂತ ಬ್ಯಾಂಕಾಕ್ ವಾಸಿ ಎನ್ನುತ್ತಾರೆ. ವಿಮಾನದಲ್ಲಿ ನಾಲ್ಕು ಗಂಟೆಯೊಳಗೆ ಮುಟ್ಟುವ ಊರು. ವರ್ಷದ ಕೊನೆಯ ವಾರ ಬನಶಂಕರಿಯಿಂದ ಏರ್‌ಪೋರ್ಟ್ ಮುಟ್ಟುವುದಕ್ಕೆ ಅದರಲ್ಲಿ ಅರ್ಧ ಬೇಕು.

ಸಾಮಾನಿನ ವಿಷಯ ವಿಸ್ತಾರವಾದದ್ದು. ಹೊರಡುವ ಹಿಂದಿನ ರಾತ್ರಿ ತಂದೆ ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎತ್ತಿ, “ಇಪ್ಪತ್ತೊಂದೂವರೆ! ಏನೇ ತುಂಬಿದೀಯ ಇದರಲ್ಲಿ?” ಎನ್ನುತ್ತಾರೆ. ತುಂಬಿರುವುದು ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ, ಎಮ್‌ಟಿಆರ್ ಪೊಟ್ಟಣಗಳು, ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರು ಮತ್ತು ಎರಡು ಗಿಟುಕು ಕೊಬ್ಬರಿ. ಈ ಕೊನೆಯದೇ ಕಂಟಕ. ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆಯಿದೆ, ವರ್ಗ 4.2, ಅಂದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತು. ಅದರಲ್ಲಿರುವ ಎಣ್ಣೆ ಗಾಳಿ ತಾಗಿ ಒಳಗೊಳಗೇ ಬಿಸಿಯಾಗುತ್ತದೆಂಬುದು ಕಾರಣ. ತಿಪಟೂರಿನ ಅಟ್ಟಗಳಲ್ಲಿ ತಿಂಗಳುಗಟ್ಟಲೆ ತಣ್ಣಗೆ ಕೂತ ಕೊಬ್ಬರಿ ವಿಮಾನ ಹತ್ತಿದೊಡನೆ ಅಗ್ನಿಸ್ವರೂಪಿಯಾಗುವುದನ್ನು ಯಾವ ತಾಯಿಯೂ ಒಪ್ಪುವುದಿಲ್ಲ. ಚೆಕ್-ಇನ್ ಕೌಂಟರಿನ ಮುಂದೆ, ಹಿಂದೆ ನಲವತ್ತು ಜನ ನಿಂತಿರುವಾಗ, ಸೂಟ್‌ಕೇಸ್ ಬಿಚ್ಚಿ ಪಂಚೆ, ಲಂಗ, ಬಿಪಿ ಮಾತ್ರೆಗಳ ಅಡಿಯಿಂದ ಆ ಗಿಟುಕುಗಳನ್ನು ತೆಗೆದು ಕಸದ ಡಬ್ಬಿಗೆ ಹಾಕುವಾಗ ಆಕೆಯ ಮುಖ ನೋಡಬೇಡಿ. ಗಸಗಸೆ ಇದಕ್ಕಿಂತ ಕೆಟ್ಟದ್ದು. ಯುಎಇ, ಸಿಂಗಪುರಗಳಲ್ಲಿ ಅದು ನಿಷಿದ್ಧ ಪದಾರ್ಥ. ಪಾಯಸಕ್ಕೆಂದು ಒಯ್ದ ಪೊಟ್ಟಣ ಮಾದಕವಸ್ತು ಕಾನೂನಿನ ಬಾಗಿಲು ತಟ್ಟುತ್ತದೆ. ಮೈಸೂರು ಸೀಮೆಯ ಅಡುಗೆಯ ಎರಡು ಕಂಬಗಳಲ್ಲಿ ಒಂದನ್ನು ಬೆಂಕಿಯೆಂದೂ ಇನ್ನೊಂದನ್ನು ಅಫೀಮೆಂದೂ ಲೋಕ ತೀರ್ಮಾನಿಸಿದ ಮೇಲೆ ವಿದೇಶದಲ್ಲಿ ನಮ್ಮ ಊಟದ ಬಗ್ಗೆ ಹೆಚ್ಚು ಮಾತಾಡಿ ಫಲವಿಲ್ಲ.

ಆದರೂ ಒಂದು ಮಾತು. ಥಾಯ್ಲೆಂಡಿನಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸ ಬೀಳುತ್ತದೆಂದು ಹೆದರುವವರು ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ ಅಂಗಡಿ ಹುಡುಕಬೇಕು. ಅದು ‘ಜೇ’ ಊಟ, ಬೌದ್ಧರ ವ್ರತದ ಅಡುಗೆ. ಅದರಲ್ಲಿ ಮೀನು, ಮಾಂಸ, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಉಡುಪಿಯ ಅಜ್ಜಿಯೂ ಕೂತು ಉಣ್ಣಬಹುದು. ಇದನ್ನು ತಿಳಿಸಿದರೂ ತಾಯಿ ಹೋಟೆಲಿನ ಕಿಟಕಿ ತೆರೆದು ಕುಕ್ಕರಿನಲ್ಲಿ ಅನ್ನ ಮಾಡುತ್ತಾಳೆ, ಅದು ಬೇರೆ.

ತಂದೆಯರನ್ನು ವರ್ಗೀಕರಿಸಲು ಹೊಸ ಶಾಸ್ತ್ರ ಬೇಡ, ನಾಟ್ಯಶಾಸ್ತ್ರದವರ ನಾಯಕಭೇದವೇ ಸಾಕು. ಪಾಸ್‌ಪೋರ್ಟಿನ ಜೆರಾಕ್ಸ್ ಐದು ಪ್ರತಿ ಮಾಡಿಸಿ ಐದು ಕಡೆ ಬಚ್ಚಿಡುವವನು ಧೀರೋದಾತ್ತ. ಟುಕ್‌ಟುಕ್‌ನವನೊಂದಿಗೆ ಕನ್ನಡದಲ್ಲೇ ಜಗಳಕ್ಕಿಳಿಯುವವನು ಧೀರೋದ್ಧತ. ಎರಡನೇ ದಿನ ಆನೆಚಿತ್ರದ ಚಡ್ಡಿ ಕೊಂಡು ಹಾಕಿಕೊಂಡು ಹೆಂಡತಿಯಿಂದ “ರೀ, ವಯಸ್ಸೆಷ್ಟು ನಿಮಗೆ?” ಅನ್ನಿಸಿಕೊಳ್ಳುವವನು ಧೀರಲಲಿತ. ಎಲ್ಲಿ ಬೆಂಚು ಕಂಡರೂ “ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಕೂತಿರ್ತೀನಿ” ಎನ್ನುವವನು ಧೀರಶಾಂತ, ಸಂಖ್ಯೆಯಲ್ಲಿ ಇವರೇ ಹೆಚ್ಚು. ನಾಲ್ವರಿಗೂ ಸಮಾನವಾದದ್ದು ಗುಣಾಕಾರ. 60 ಬಾತ್‌ನ ಎಳನೀರು ಕಂಡರೆ ತಂದೆ ಮನಸ್ಸಿನಲ್ಲೇ ಎರಡೂವರೆಯಿಂದ ಗುಣಿಸಿ, ಮೇಲೊಂದಿಷ್ಟು ಸೇರಿಸಿ, ಮದ್ದೂರು ಮಾರುಕಟ್ಟೆಯ ದರದಿಂದ ಭಾಗಿಸಿ, ಬಾಯಾರಿಕೆಯಿಲ್ಲ ಎನ್ನುತ್ತಾರೆ. ಮಗ ಡಾಲರಿಗೆ ಇಳಿಸಿ, ಎರಡಕ್ಕೂ ಕಡಿಮೆ, ಮೂರು ತಗೋಳೋಣ ಎನ್ನುತ್ತಾನೆ. ಒಂದೇ ಎಳನೀರು ಒಬ್ಬರಿಗೆ ದುಂದು, ಒಬ್ಬರಿಗೆ ಅಗ್ಗ. ತಾಯಿ ಯಾವುದಕ್ಕೂ ಗುಣಿಸದೆ, ಗಂಜಿ ಎಷ್ಟಿದೆಯೆಂದು ಒಡೆಸಿ ನೋಡುತ್ತಾಳೆ.

ಈಗ ಮುಖ್ಯ ವಿಷಯ: ಇಡೀ ವರ್ಷ ವಿಡಿಯೋ ಕಾಲಿನಲ್ಲಿ ಮುಚ್ಚಿಟ್ಟ ಸಂಗತಿಗಳು ಹೊರಬೀಳುವ ಸ್ಥಾನಗಳು. ಎದುರುಬದುರು ಕೂತಾಗ ಅವು ಬರುವುದಿಲ್ಲ. ಮನೆಯ ಸೋಫಾ, ಊಟದ ಮೇಜು ಇದಕ್ಕೆ ನಿಷ್ಪ್ರಯೋಜಕ, ಅಲ್ಲದೆ ಮಾತು ತುದಿನಾಲಿಗೆಗೆ ಬರುವ ಹೊತ್ತಿಗೆ ಕೊರಿಯರ್‌ನವನು ಬೆಲ್ ಮಾಡುತ್ತಾನೆ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿರಬೇಕು: ಟ್ಯಾಕ್ಸಿಯ ಹಿಂದಿನ ಸೀಟು, ಲಗೇಜ್ ಬೆಲ್ಟಿನ ಮುಂದೆ, ಮತ್ತು ಸರ್ವೋತ್ತಮವಾಗಿ, ದೋಣಿ. ಉದಾಹರಣೆಗೆ, ಚಾವೊ ಫ್ರಯಾ ನದಿಯಲ್ಲಿ ಕಿತ್ತಳೆ ಬಾವುಟದ ದೋಣಿ ವಾಟ್ ಅರುಣ್ ಕಡೆ ಹೊರಟಿದೆ. ಮೂವರೂ ಸಾಲಾಗಿ ಕೂತು ಗೋಪುರ ನೋಡುತ್ತಿದ್ದಾರೆ.

“ಯುಗಾದಿ ಹೊತ್ತಿಗೆ ಅಪ್ಪಂಗೆ ಒಂದು ಸ್ಟೆಂಟ್ ಹಾಕಿದ್ರು ಕಣೋ.”

“ಏನು? ನಂಗ್ಯಾಕಮ್ಮ ಹೇಳ್ಲಿಲ್ಲ?”

“ಅಲ್ಲಿ ಒಬ್ಬನೇ ಗಾಬರಿ ಆಗ್ತಿದ್ದೆ.”

“ಸಣ್ಣದು ಬಿಡೋ” ಎನ್ನುತ್ತಾರೆ ಅಪ್ಪ, ಗೋಪುರದ ಫೋಟೊ ತೆಗೆಯುತ್ತ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಸ್ಟಿನಲ್ಲಿ ಕೆಲಸ ಹೋಯಿತು ಎನ್ನುತ್ತಾನೆ. ಅದಕ್ಕೆ ತಾಯಿ: “ಗೊತ್ತು. ನಾನು ರಾತ್ರಿ ಹನ್ನೊಂದೂವರೆಗೆ ಮಾಡಿದ್ರೆ ನಿಂಗೆ ಬೆಳಿಗ್ಗೆ ಹನ್ನೊಂದು ಗಂಟೆ, ಆಫೀಸ್ ಟೈಮು. ಮೊದಲನೇ ರಿಂಗಿಗೇ ಎತ್ತಿಬಿಡ್ತಿದ್ದೆಯಲ್ಲ.”

ಇಂಥ ವಿನಿಮಯ ಒಮ್ಮೆ ಆದ ಮೇಲೆ ಉಳಿದ ದಿನಗಳ ಪ್ರವಾಸ ಸಲೀಸು. ವಾಪಸಾಗುವಾಗ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಸಮುದ್ರಮಥನದ ದೊಡ್ಡ ಶಿಲ್ಪ ಎದುರಾಗುತ್ತದೆ. ವಾಸುಕಿಯನ್ನು ದೇವತೆಗಳು ಒಂದು ಕಡೆ, ಅಸುರರು ಒಂದು ಕಡೆ ಹಿಡಿದೆಳೆಯುತ್ತಿದ್ದಾರೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಫ್ಯಾಮಿಲಿ ಗ್ರೂಪಿಗೆ ಹಾಕುವವರೆಗೆ ಯಾನ ಸಾಂಗವಾಗುವುದಿಲ್ಲ. ತಿಳಿಸದೆ ಹೋದದ್ದಕ್ಕೆ ಸೋದರತ್ತೆಯರಿಗೆ ಒಂದೊಂದು ಟೈಗರ್ ಬಾಮ್ ಡಬ್ಬಿ ಪ್ರಾಯಶ್ಚಿತ್ತ.

ಕೊನೆಗೆ ಖರ್ಚಿನ ಪ್ರಶ್ನೆ, ಇದರಲ್ಲಿ ಮತಭೇದವಿದೆ. ಹೋಟೆಲು, ಟಿಕೆಟ್ಟು ಎಲ್ಲ ಮಗನ ಕಾರ್ಡಿನಲ್ಲಿ. ಮಕ್ಕಳು ದುಡಿದದ್ದನ್ನು ಸುಮ್ಮನೆ ಉಣ್ಣಬೇಕೆಂದು ಒಂದು ಪಂಥ. ಊರಿಗೆ ಮುಟ್ಟಿದ ವಾರದೊಳಗೆ ಅಷ್ಟೂ ಹಣವನ್ನು ಅವನಿಗೆ ತಿಳಿಯದಂತೆ ಬ್ಯಾಂಕಿನಲ್ಲಿಟ್ಟು ಅವನನ್ನೇ ನಾಮಿನಿ ಮಾಡಬೇಕೆಂದು ಇನ್ನೊಂದು ಪಂಥ, ಕೆಲಸ ಹೋದ ಸುದ್ದಿಯ ಬಳಿಕ ಈ ಪಂಥಕ್ಕೆ ಬಲ ಬಂದಿದೆ. ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುವುದರಿಂದ ಇಡುವುದಾದರೆ ಆ ಎಫ್‌ಡಿ ತಂದೆಯ ಹೆಸರಿನಲ್ಲೇ ಇರಬೇಕು ಎಂಬುದರಲ್ಲಿ ಮಾತ್ರ ಎರಡೂ ಪಂಥಗಳಿಗೆ ಒಮ್ಮತ.